ಹಳೆಯ ಸೊನ್ನೆಯಿಂದ ಏಳು ಅಡಿ

ನೌಕಾನೆಲೆಯ ಹಿಂದಿನ ಬೀದಿಗಳಲ್ಲಿ ದಿಮ್ಮಿ ಎಂದರೆ ಸಾಕು, ಮನೆ ತೋರಿಸುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಅದು ಪಿಂಚಣಿ ಕಾಗದದಲ್ಲಿ ಮಾತ್ರ ಉಸಿರಾಡಿಕೊಂಡಿದೆ. ಮೂವತ್ತೇಳು ವರ್ಷ ಹಡಗುಗಳ ಹೊಟ್ಟೆಯ ಕೆಳಗೆ ಮರದ ದಿಮ್ಮಿ ಜೋಡಿಸಿದವನನ್ನು ಜನ ಇನ್ನೇನೆಂದು ಕರೆಯಬೇಕು? ಗಿಡ್ಡ ಕಾಲು, ಅಗಲ ಭುಜ, ಕೂತರೆ ಏಳದ ಸ್ವಭಾವ. ಹೆಸರು ಆಳಿಗೆ ಚೆನ್ನಾಗಿಯೇ ಹೊಂದಿಕೊಂಡಿತ್ತು.

ಈ ದಿಮ್ಮಿ ಅರವತ್ತೇಳನೆಯ ವಯಸ್ಸಿನಲ್ಲಿ ಒಂದೇ ಒಂದು ಸಾಲಿನ ಹಿಂದೆ ಬಿದ್ದು ಐದು ತಿಂಗಳು ಚಪ್ಪಲಿ ಸವೆಸಿದ. ಅಚ್ಚಾಗುವ ಮೊದಲು ಆ ಸಾಲನ್ನು ತಿದ್ದಿಸಬೇಕಿತ್ತು. ಅಷ್ಟೇ ಕೆಲಸ. ಅಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಗೇಟು, ಇಷ್ಟು ಎತ್ತರದ ಗೋಡೆ, ಇಷ್ಟೊಂದು ಮೇಜು ಅಡ್ಡ ಬರುತ್ತವೆ ಎಂದು ಅವನು ಎಣಿಸಿರಲಿಲ್ಲ.

ನೌಕಾನೆಲೆಗೆ ನೂರಾ ಐವತ್ತು ವರ್ಷ ತುಂಬುತ್ತದೆಂದು ಅದರ ಇತಿಹಾಸವನ್ನು ದಪ್ಪ ಪುಸ್ತಕ ಮಾಡಲು ಹೊರಟಿದ್ದರು. ಕರಡು ಪುಟಗಳನ್ನು ಸಭಾಂಗಣದ ಗೋಡೆಗೆ ಸಾಲಾಗಿ ಅಂಟಿಸಿ, ನಿವೃತ್ತರನ್ನೆಲ್ಲ ಕರೆಸಿ, ಓದಿ ಅಭಿಪ್ರಾಯ ಬರೆಯಿರಿ ಎಂದು ಒಂದೊಂದು ಫಾರಂ ಕೈಗಿಟ್ಟರು. ಬಂದವರು ತಮ್ಮ ಕಾಲದ ಫೋಟೋಗಳಲ್ಲಿ ತಮ್ಮ ತಲೆ ಹುಡುಕಿ, ಚಹಾ ಕುಡಿದು, ಮನೆಗೆ ಹೋದರು. ದಿಮ್ಮಿ ಮಾತ್ರ ಕನ್ನಡಕ ಏರಿಸಿಕೊಂಡು ಮೊದಲ ಪುಟದಿಂದ ಶುರುಮಾಡಿದ. ಮರದ ದೋಣಿಗಳಿಗೆ ತೇಪೆ ಹಾಕುತ್ತಿದ್ದ ಕೊಟ್ಟಿಗೆ, ಹೊರಗಿನಿಂದ ಬಂದು ಆಳಿದವರು ಕಡಿಸಿದ ಕಲ್ಲಿನ ಹೊಂಡ, ಎರಡು ಯುದ್ಧ, ಸುತ್ತಲ ಮೂರು ಬೀದಿ ಕೆಡವಿ ಎಬ್ಬಿಸಿದ ಗೋಡೆ, ಕೊನೆಗೆ ನಮ್ಮದೇ ಬಾವುಟದ ನೌಕಾಪಡೆ. ಯಾವ ದೊಡ್ಡ ಸಾಹೇಬರು ಯಾವ ತಾರೀಖು ಬಂದು ರಿಬ್ಬನ್ ಕತ್ತರಿಸಿದರೆಂಬುದು ಒಂದೂ ಬಿಟ್ಟುಹೋಗಿರಲಿಲ್ಲ. ಹೊಂಡ ತೋಡಿದವರು ಎಷ್ಟು ಜನ, ಕಲ್ಲು ಹೊತ್ತವರು ಯಾರು ಎಂಬುದಕ್ಕೆ ಜಾಗ ಸಾಲದೆ ಹೋಗಿರಬೇಕು.

ಆರನೆಯ ಅಧ್ಯಾಯದ ನಡುವೆ ಆ ಸಾಲು ಸಿಕ್ಕಿತು. 'ಆ ವರ್ಷ ದಿಮ್ಮಿ ವಿಭಾಗದ ಮೇಸ್ತ್ರಿಯ ಅಜಾಗರೂಕತೆಯಿಂದ ಯುದ್ಧನೌಕೆಯೊಂದಕ್ಕೆ ಭಾರಿ ಹಾನಿಯಾಗಿ, ಅದು ಹದಿನಾಲ್ಕು ತಿಂಗಳು ಸೇವೆಯಿಂದ ಹೊರಗುಳಿಯಿತು.' ಮೇಸ್ತ್ರಿ ಎಂಬ ಪದದ ಪಕ್ಕದಲ್ಲಿ ಅವರ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ರಿಬ್ಬನ್ ಕತ್ತರಿಸಿದವರನ್ನು ಬಿಟ್ಟರೆ ಇಡೀ ಪುಟದಲ್ಲಿ ಅಷ್ಟು ಮರ್ಯಾದೆಯಿಂದ ಅಚ್ಚಾದ ಹೆಸರು ಅದೊಂದೇ.

ಆ ಮೇಸ್ತ್ರಿ ದಿಮ್ಮಿಗೆ ಕೆಲಸ ಕಲಿಸಿದವರು. ಆಮೇಲೆ ಮಾವನೂ ಆದರು. ಅವರು ಸತ್ತು ಹತ್ತೊಂಬತ್ತು ವರ್ಷವಾಗಿತ್ತು. ಮತ್ತು ಆ ಅಜಾಗರೂಕತೆ ಅವರದಲ್ಲ, ದಿಮ್ಮಿಯದು. ಇದು ಗೊತ್ತಿದ್ದ ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟಿದ್ದರು. ಇನ್ನೊಬ್ಬ ಗೋಡೆಯ ಮುಂದೆ ನಿಂತು ಒಂದೇ ಸಮನೆ ಕನ್ನಡಕ ಒರೆಸಿಕೊಳ್ಳುತ್ತಿದ್ದ.

ಆದದ್ದು ಹೀಗೆ. ಹೊಂಡವೆಂದರೆ ಸಮುದ್ರದ ಪಕ್ಕಕ್ಕೆ ಕಡಿದ ಆರುನೂರು ಅಡಿ ಉದ್ದದ ಕಲ್ಲಿನ ತೊಟ್ಟಿ. ಬಾಗಿಲು ತೆರೆದರೆ ನೀರು ಬರುತ್ತದೆ, ನೀರಿನ ಜೊತೆ ಹಡಗು ಬರುತ್ತದೆ. ಬಾಗಿಲು ಮುಚ್ಚಿ ನೀರನ್ನು ಹೊರಗೆ ಪಂಪು ಮಾಡಿದರೆ ಹಡಗು ಮೆಲ್ಲಗೆ ಇಳಿದು, ತಳದಲ್ಲಿ ಮೊದಲೇ ಜೋಡಿಸಿಟ್ಟ ದಿಮ್ಮಿಗಳ ಮೇಲೆ ಕೂರುತ್ತದೆ. ಒಂದೊಂದು ಹಡಗಿನ ಹೊಟ್ಟೆ ಒಂದೊಂದು ಥರ. ಎಲ್ಲಿ ದಿಮ್ಮಿ ಬರಬೇಕು, ಎಲ್ಲಿ ಬರಲೇಬಾರದು ಎಂದು ನಕ್ಷೆ ಇರುತ್ತದೆ. ನೀರು ಬಿಟ್ಟ ಮೇಲೆ ದಿಮ್ಮಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಳತೆಯನ್ನು ನಂಬಿ ಕೂರಬೇಕು, ಹಡಗೂ ನಂಬಿಯೇ ಕೂರುತ್ತದೆ.

ಅಳತೆ ಶುರುವಾಗುವುದು ಹೊಂಡದ ತಲೆಯ ಕಡೆ ಇರುವ ಸೊನ್ನೆಯಿಂದ. ಮೊದಲಿಗೆ ಅದು ತಳದ ಕಲ್ಲಿನಲ್ಲಿ ಹೂತ ಕಬ್ಬಿಣದ ಗೂಟವಾಗಿತ್ತು. ಟೇಪಿನ ತುದಿಯ ಬಳೆಯನ್ನು ಅದಕ್ಕೆ ಸಿಕ್ಕಿಸಿದರೆ ಒಬ್ಬನೇ ಅರ್ಧ ಕೆಲಸ ಮುಗಿಸಬಹುದಿತ್ತು. ಆಮೇಲೆ ಹೊಸ ಹಡಗುಗಳು ಬಂದವು. ಅವುಗಳ ಮೂತಿಗೆ ಜಾಗ ಸಾಲದೆ ಹೊಂಡದ ತಲೆಯನ್ನು ಏಳು ಅಡಿ ಹಿಂದಕ್ಕೆ ಕಡಿದು, ಅಲ್ಲಿ ಹೊಸ ಸೊನ್ನೆಯೆಂದು ಹೊಳೆಯುವ ಹಿತ್ತಾಳೆ ಪಟ್ಟಿ ಬಡಿದರು. ಪಟ್ಟಿಗೆ ಬಳೆ ಸಿಕ್ಕಿಸಲು ಬರುತ್ತಿರಲಿಲ್ಲ, ಮೊಣಕಾಲೂರಿ ಕೈಯಲ್ಲಿ ಹಿಡಿದೇ ಇರಬೇಕು. ಹಳೆಯ ಗೂಟವನ್ನು ಕೀಳುವ ಗೋಜಿಗೆ ಯಾರೂ ಹೋಗಲಿಲ್ಲ. ಮೇಸ್ತ್ರಿ ಒಂದೇ ವರ್ಷದಲ್ಲಿ ಮೂರು ಸಲ ಬರೆದುಕೊಟ್ಟರು. ಕಲ್ಲಿಗೆ ಕೈ ಹಾಕಲು ಮೇಲಿನ ಅಪ್ಪಣೆ ಬೇಕೆಂದು ಮೂರು ಸಲವೂ ಉತ್ತರ ಬಂತು.

ಸರಿ, ಅವರೇ ಒಂದು ಪದ್ಧತಿ ಮಾಡಿಕೊಂಡರು. ಅಳತೆಗೆ ಮೊದಲು ಗೂಟದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೇಲೊಂದು ಕಲ್ಲಿಡುವುದು. ಇದಕ್ಕೆ ಹಳೆ ಸೊನ್ನೆಯನ್ನು ಮಲಗಿಸುವುದು ಎಂದು ಹೆಸರು. "ಹಳೇ ಸೊನ್ನೆ ಮಲಗಿಸಿದ್ಯಾ?" ಎಂದು ಹೊಂಡದ ಆ ತುದಿಯಿಂದ ಅವರು ಕೂಗುವುದು, "ಹೂಂ, ಗೊರಕೆ ಹೊಡೀತಿದೆ" ಎಂದು ಈ ತುದಿಯಿಂದ ದಿಮ್ಮಿ ಕೂಗುವುದು, ಆಮೇಲೆ ಟೇಪು ಬಿಚ್ಚುವುದು.

ಆ ದಿನ ಯಾರೋ ದೊಡ್ಡವರು ನೋಡಲು ಬರುವವರಿದ್ದರು. ಗುಡಿಸುವವರು ಹೊಂಡದಲ್ಲಿದ್ದ ಚಿಂದಿ ಚೀಲವನ್ನೆಲ್ಲ ಬಾಚಿಕೊಂಡು ಹೋಗಿದ್ದರು. ಇಪ್ಪತ್ತಾರು ವರ್ಷದ ದಿಮ್ಮಿ ಬೆಳಿಗ್ಗೆ ತಾನೇ ಮಲಗಿಸಿದ್ದ ಸೊನ್ನೆ ಇನ್ನೂ ಮಲಗಿದೆಯೆಂದುಕೊಂಡ. ಮೇಸ್ತ್ರಿ ಕೇಳಿದಾಗ ತಿರುಗಿ ನೋಡದೆ ಹೂಂ ಎಂದ. ಬಗ್ಗಿದಾಗ ಕಣ್ಣಿಗೆ ಗೂಟ ಕಂಡಿತು, ಕೈ ಹಳೆಯ ಅಭ್ಯಾಸಕ್ಕೆ ಬಿದ್ದು ಬಳೆ ಸಿಕ್ಕಿಸಿತು. ಇನ್ನೂರ ಹತ್ತು ದಿಮ್ಮಿಗಳೂ ಏಳೇಳು ಅಡಿ ಸಮುದ್ರದ ಕಡೆಗೆ ಸರಿದು ಕೂತವು. ಆರುನೂರು ಅಡಿಯ ಹೊಂಡದಲ್ಲಿ ಏಳು ಅಡಿ ಯಾರ ಕಣ್ಣಿಗೆ ಬೀಳಬೇಕು? ಸಂಜೆ ಹಡಗು ಇಳಿಯಿತು. ಅದರ ಮೂತಿಯ ಕೆಳಗೆ, ನೀರಿನಾಳದ ಸದ್ದು ಹಿಡಿಯುವ ಯಂತ್ರವಿದ್ದ ಗುಂಡನೆಯ ಉಬ್ಬು, ಜಾಗ ಖಾಲಿ ಇರಬೇಕಿದ್ದಲ್ಲಿ ದಿಮ್ಮಿಯ ಮೇಲೆಯೇ ಕೂತಿತು. ದೊಡ್ಡ ಪಾತ್ರೆ ನೆಗ್ಗಿದಂಥ ಸದ್ದು ಬಂತು. ಮೇಸ್ತ್ರಿಯ ಮುಖ ನೋಡಿದಾಗಲೇ ದಿಮ್ಮಿಗೆ ತಾನೇನು ಮಾಡಿದೆನೆಂದು ಗೊತ್ತಾದದ್ದು.

ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಮೇಸ್ತ್ರಿ ಮೆಲ್ಲಗೆ ಹೇಳಿದರು. "ಅಳತೆ ಪುಸ್ತಕದಲ್ಲಿ ಸಹಿ ನಂದು. ನೀನು ಬಾಯಿ ಬಿಟ್ರೆ ಇಬ್ರೂ ಹೋಗ್ತೀವಿ, ಅಷ್ಟೆ. ನಂಗಿನ್ನು ನಾಲ್ಕು ವರ್ಷ ಸರ್ವೀಸು, ನಿಂಗೆ ಮೂವತ್ತನಾಲ್ಕು. ಸುಮ್ನಿರು."

ಸುಮ್ಮನಿರು ಎಂದವರು ಅವರು, ನಿಜ. ಸುಮ್ಮನಿದ್ದವನು ಇವನು. ಮೇಸ್ತ್ರಿಯನ್ನು ಹೊಂಡದಿಂದ ತೆಗೆದು ಹಗ್ಗದ ಗೋದಾಮಿಗೆ ಹಾಕಿದರು. ಆ ನಾಲ್ಕು ವರ್ಷ ಅವರು ಹೊಂಡದ ಪಕ್ಕದ ದಾರಿ ಬಿಟ್ಟು, ಬಡಗಿ ಶೆಡ್ಡಿನ ಹಿಂದೆ ಸುತ್ತಿಕೊಂಡು ಗೋದಾಮಿಗೆ ಹೋಗುತ್ತಿದ್ದರು. ಎರಡು ವರ್ಷ ಕಳೆದ ಮೇಲೆ ದಿಮ್ಮಿ ಅವರ ಮಗಳನ್ನು ಮದುವೆಯಾದ. ಹಡಗು ಒಡೆದವರ ಮಗಳನ್ನು ಧೈರ್ಯ ಮಾಡಿ ತಂದುಕೊಂಡನೆಂದು ಬೀದಿಯವರು ಅವನನ್ನೇ ಹೊಗಳಿದರು. ಆ ಹೊಗಳಿಕೆಯನ್ನು ಅವನು ಮೂವತ್ತೊಂಬತ್ತು ವರ್ಷ ನುಂಗಿಕೊಂಡು ಬಂದ, ಒಂದು ದಿನವೂ ಅದು ಜೀರ್ಣವಾಗಲಿಲ್ಲ.

ಅಭಿಪ್ರಾಯದ ಫಾರಂನಲ್ಲಿ ನಾಲ್ಕು ಗೆರೆ ಇದ್ದವು. ದಿಮ್ಮಿ ನಾಲ್ಕರಲ್ಲೂ 'ಆ ಸಾಲು ತಪ್ಪು' ಎಂದು ನಾಲ್ಕು ಸಲ ಬರೆದು ಕೊಟ್ಟ. ಉತ್ತರ ಬರಲಿಲ್ಲ. ಮರುತಿಂಗಳು ಗೇಟಿಗೆ ಹೋದ. ಮೂವತ್ತೇಳು ವರ್ಷ ದಿನಾ ಒಳಗೆ ಹೋಗಿದ್ದ ಗೇಟು ಅದು. ಪಾಸಿಲ್ಲದೆ ಬಿಡುವುದಿಲ್ಲ ಎಂದ ಕಾವಲುಗಾರ. ಪಾಸು ಕೊಡುವ ಕಿಟಕಿಯಲ್ಲಿ, ಒಳಗಿನವರು ಕರೆದರೆ ಮಾತ್ರ ಪಾಸು ಎಂದರು. ಒಳಗಿನವರು ಕರೆಯಬೇಕಾದರೆ ಏನು ಮಾಡಬೇಕು ಎಂದು ಕೇಳಿದ. ಒಳಗೆ ಹೋಗಿ ಕೇಳಿ ಎಂದರು. ದಿಮ್ಮಿಗೆ ಪಿತ್ತ ನೆತ್ತಿಗೇರಿತು. ಕಿಟಕಿಯ ಕಂಬಿ ಹಿಡಿದು ಹತ್ತು ನಿಮಿಷ ಕೂಗಾಡಿದ. ಅದರಿಂದಾದ ಲಾಭವೆಂದರೆ ಮುಂದಿನ ಸಲ ಕಿಟಕಿಯನ್ನು ಅವನು ಬರುವುದು ಕಂಡೊಡನೆಯೇ ಮುಚ್ಚಿದರು.

ಮೂರನೆಯ ತಿಂಗಳು ಅಂತೂ ಇತಿಹಾಸ ವಿಭಾಗದ ಅಧಿಕಾರಿಣಿಯ ಮುಂದೆ ಕೂರುವ ಭಾಗ್ಯ ಬಂತು. ಮಗಳ ವಯಸ್ಸಿನ ಹೆಂಗಸು, ಒಳ್ಳೆಯ ಮಾತು.

"ಯಜಮಾನ್ರೇ, ಇದು ನಾನು ಕಟ್ಟಿದ್ದಲ್ಲ. ವಿಚಾರಣಾ ವರದೀಲಿ ಇರೋದನ್ನೇ ಹಾಕಿದ್ದೀವಿ."

"ಹಾಗಾದ್ರೆ ಆ ವರದಿ ತೋರ್ಸಿ ಮೇಡಂ. ಎಲ್ಲಿ ತಪ್ಪಿದೆ ಅಂತ ಹೇಳ್ತೀನಿ."

"ವರದಿ ತೋರ್ಸೋಕೆ ಬರಲ್ಲ. ಗೋಪ್ಯ."

"ಗೋಪ್ಯ ಆದ್ಮೇಲೆ ಪುಸ್ತಕದಲ್ಲಿ ಹೇಗೆ ಹಾಕಿದ್ರಿ?"

"ತೀರ್ಮಾನ ಮಾತ್ರ ಬಹಿರಂಗ. ಕಾರಣಗಳು ಗೋಪ್ಯ." ಹೇಳಿದ ಮೇಲೆ ಅವಳಿಗೇ ಮುಜುಗರವಾಗಿರಬೇಕು, ಪೆನ್ನು ತಿರುಗಿಸತೊಡಗಿದಳು. "ನಿಮ್ಮ ಹತ್ರ ಏನಾದ್ರೂ ಬರವಣಿಗೇಲಿ ಇದ್ರೆ ಕೊಡಿ. ಕಣ್ಣಲ್ಲಿ ನೋಡಿದವರ ಹೇಳಿಕೆ, ಸಹಿ ಸಮೇತ. ಆಗ ನಾನೂ ಮೇಲಿನವರ ಹತ್ರ ಮಾತಾಡಬಹುದು."

ಬರವಣಿಗೆ! ಅಲ್ಲಿಗೆ ಬಂತು ಕುತ್ತಿಗೆಗೆ. ದಿಮ್ಮಿಯ ಬಲಗೈ ಹೆಬ್ಬೆರಳು ನಿವೃತ್ತಿಗೆ ಮೊದಲೇ ಎರಡು ದಿಮ್ಮಿಗಳ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ನಾಲ್ಕು ಗೆರೆ ಬರೆಯುವುದೇ ಪಡಿಪಾಟಲು, ನಾಲ್ಕು ಪುಟ ಹೇಗೆ? ಮನೆಯಲ್ಲಿ ಬರೆಯುವ ಕೈ ಎಂದರೆ ಹೆಂಡತಿಯದೊಂದೇ. ಒಂದು ವಾರ ಅದೂ ಇದೂ ನೆಪ ಹೇಳಿಕೊಂಡು ತಿರುಗಿದ. ಆಮೇಲೊಂದು ಮಧ್ಯಾಹ್ನ ಊಟದ ಮೇಜು ಒರೆಸಿ, ಕಾಗದ ಹಾಕಿ, ಅವಳನ್ನು ಕೂರಿಸಿದ. ಅಪ್ಪನ ಹೆಸರು ಸರಿಮಾಡಿಸುವ ಕೆಲಸವೆಂದು ಗೊತ್ತಿದ್ದುದರಿಂದ ಅವಳು ಖುಷಿಯಿಂದಲೇ ಕೂತಳು.

ಹೊಂಡದ ಉದ್ದ, ಹೊಸ ಸೊನ್ನೆ, ಮೂರು ಅರ್ಜಿ, ಗೋಣಿಚೀಲ, ಎಲ್ಲವನ್ನೂ ಅವಳು ದುಂಡಗೆ ಬರೆದುಕೊಂಡು ಹೋದಳು. ದಿಮ್ಮಿ ಕಿಟಕಿಯ ಕಡೆ ತಿರುಗಿ ನಿಂತು ಹೇಳಿದ. "ಆ ದಿನ ಟೇಪಿನ ತುದಿ ಹಿಡಿದಿದ್ದವನು ನಾನು. ಹಳೆಯ ಗೂಟಕ್ಕೆ ಸಿಕ್ಕಿಸಿದವನೂ ನಾನು. ಮೇಸ್ತ್ರಿಯವರು ಕೇಳಿದಾಗ ಸುಳ್ಳು ಹೇಳಿದವನೂ ನಾನೇ."

ಪೆನ್ನಿನ ಸದ್ದು ನಿಂತಿತು. ಅವನು ತಿರುಗಲಿಲ್ಲ. ತಿರುಗುವ ಧೈರ್ಯ ಎಲ್ಲಿಂದ ಬರಬೇಕು?

"ಇದನ್ನ ಬರೀಬೇಕಾ?" ಎಂದಳು.

"ಬರಿ."

ಬರೆದಳು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದಳು. "ನಲ್ಲಿ ಹತ್ರ ಹುಡುಗೀರು ಹಡಗು ಒಡೆದವರ ಮಗಳು ಅಂತಿದ್ರು ರೀ ನನ್ನ. ಒಂದು ದಿನ ತಡೀಲಾರದೆ ಅಪ್ಪನ್ನೇ ಕೇಳ್ಬಿಟ್ಟೆ, ಇಷ್ಟು ವರ್ಷ ಆಗಿ ಒಂದು ಅಳತೆ ಸರಿಯಾಗಿ ತಗೊಳ್ಳೋಕೆ ಬರಲಿಲ್ವಾ ನಿಮಗೆ ಅಂತ. ಅಪ್ಪ ಹೋಗಿ ಕೈಕಾಲು ತೊಳ್ಕೊಂಡು ಬಂದು ಊಟಕ್ಕೆ ಕೂತ್ರು." ಬರೆದ ಕಾಗದಗಳನ್ನು ಒಟ್ಟುಮಾಡುತ್ತ ಕೇಳಿದಳು. "ನನ್ನ ಮದುವೆ ಆಗಿದ್ದೂ ಇದಕ್ಕೇನಾ?"

"ಛೆ, ಅಲ್ವೇ," ಎಂದ ದಿಮ್ಮಿ. ಆಮೇಲೆ, ಇನ್ನು ಸುಳ್ಳು ಸಾಕೆನ್ನಿಸಿ, "ಸ್ವಲ್ಪ ಇದಕ್ಕೂ ಹೌದು," ಎಂದ.

ಆ ವಾರ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಎಂಟನೆಯ ದಿನ ಹೆಂಡತಿ ಒಳ್ಳೆಯ ಸೀರೆಯುಟ್ಟು, ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡೀರಿ. ನೀವೊಬ್ರೇ ಹೋದ್ರೆ ಕಿಟಕಿ ಮುಚ್ತಾರಂತೆ. ನನ್ನ ಮುಂದೆ ಮುಚ್ಲಿ ನೋಡೋಣ."

ಕಿಟಕಿ ಮುಚ್ಚಲಿಲ್ಲ. ಅಧಿಕಾರಿಣಿ ಹೇಳಿಕೆಯನ್ನು ಎರಡು ಸಲ ಓದಿದಳು, ದಿಮ್ಮಿಯನ್ನು ಒಂದು ಸಲ ನೋಡಿದಳು, ಅವನ ಹೆಂಡತಿಯನ್ನು ಇನ್ನೊಂದು ಸಲ. ಹೊಂಡ ಖಾಲಿಯಿದ್ದ ದಿನವಾದ್ದರಿಂದ, ಇಬ್ಬರು ಸಿಪಾಯಿಗಳನ್ನು ಜೊತೆ ಹಾಕಿಕೊಂಡು ತಾನೇ ಕರೆದುಕೊಂಡು ಹೋದಳು. ತೊಂಬತ್ತೆರಡು ಮೆಟ್ಟಿಲಿಳಿದು ತಳ ಮುಟ್ಟುವಷ್ಟರಲ್ಲಿ ದಿಮ್ಮಿಯ ಮಂಡಿ ಅಳುತ್ತಿತ್ತು. ಹಿತ್ತಾಳೆ ಪಟ್ಟಿಯಿಂದ ಹೆಜ್ಜೆ ಅಳೆದುಕೊಂಡು ಬಂದು ನೋಡಿದರೆ ಗೂಟವಿಲ್ಲ. ಅದಿದ್ದ ಜಾಗದಲ್ಲಿ ಅಂಗೈಯಗಲದ ಸಿಮೆಂಟಿನ ತೇಪೆ.

"ಮೂರು ಸಲ ಬರೆದಾಗ ಅಪ್ಪಣೆ ಬೇಕು ಅಂದ್ರು," ಎಂದ ದಿಮ್ಮಿ. ಸಿಟ್ಟಿಗೆ ಅವನ ದನಿ ಹೊಂಡದಲ್ಲೆಲ್ಲ ಮೊಳಗಿತು. "ಹಡಗು ಕೂತ ಮುಂದಿನ ತಿಂಗಳೇ ಸದ್ದಿಲ್ದೆ ಕಿತ್ತು ಸಿಮೆಂಟ್ ಮೆತ್ತಿದ್ರು. ಮೇಸ್ತ್ರಿ ತಪ್ಪೇ ಆಗಿದ್ರೆ ಇದನ್ನ ಯಾಕೆ ಕಿತ್ರು ಮೇಡಂ? ನೀವೇ ಹೇಳಿ. ಅರ್ಧ ತಪ್ಪು ನಂದು, ಇನ್ನರ್ಧ ಆ ಆಫೀಸಿಂದು. ಮೇಸ್ತ್ರಿಯವರದ್ದು ಏನೂ ಇರಲಿಲ್ಲ."

ಅಧಿಕಾರಿಣಿ ಬಗ್ಗಿ ತೇಪೆಯನ್ನು ಮುಟ್ಟಿ ನೋಡಿದಳು. ಅವಳ ಮುಖದಲ್ಲಿ ನಂಬಿಕೆ ಕಂಡಿತು, ಸುಳ್ಳಲ್ಲ. "ಅಮ್ಮಾ, ನಾನು ನೋಡ್ಕೋತೀನಿ. ನಿಮ್ಮ ತಂದೆಯವರ ಮೇಲೆ ಆ ಮಾತು ಇರಲ್ಲ. ನನ್ನ ಮೇಲೆ ಬಿಡಿ," ಎಂದು ಹೆಂಡತಿಯ ಕೈ ಹಿಡಿದುಕೊಂಡಳು.

ಮೆಟ್ಟಿಲು ಹತ್ತುವಾಗ ದಿಮ್ಮಿಯ ಮಂಡಿಗೆ ನೋವೇ ಗೊತ್ತಾಗಲಿಲ್ಲ. ದಾರಿಯಲ್ಲಿ ಹೆಂಡತಿ ಅವನೊಡನೆ ಮಾತಾಡಿದಳು, ವಾರದ ಮೇಲೆ. ಪುಸ್ತಕ ಬಂದ ಮೇಲೆ ಎರಡು ಪ್ರತಿ ತರಬೇಕು, ನಲ್ಲಿಯ ಹತ್ತಿರ ಅಂದಿದ್ದವರಲ್ಲಿ ಇಬ್ಬರು ಇನ್ನೂ ಬದುಕಿದ್ದಾರೆ, ಅವರ ಮನೆಗೇ ಹೋಗಿ ಓದಿ ಹೇಳುತ್ತೇನೆ ಎಂದಳು. ದಿಮ್ಮಿ ನಕ್ಕ. ಅದರಲ್ಲಿ ತನ್ನ ಹೆಸರೂ ಇರುತ್ತದೆ, ತನ್ನ ತಪ್ಪೂ ಇರುತ್ತದೆ, ಮುಂದೆ ಬೀದಿಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ಆದರೂ ಎದೆಯ ಮೇಲಿನ ಭಾರ ಇಳಿದಂತಾಗಿ ಅವನಿಗೆ ಹಿತವಾಗಿತ್ತು.

ಪುಸ್ತಕ ಬಿಡುಗಡೆಯಾಯಿತು. ನಿವೃತ್ತರಿಗೆ ಒಂದೊಂದು ಪ್ರತಿಯನ್ನು ಗೇಟಿನಲ್ಲಿಯೇ ಕೊಟ್ಟರು. ಇಟ್ಟಿಗೆಯಷ್ಟು ಭಾರ, ನುಣುಪು ಕಾಗದ. ಗೇಟಿನ ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಗಂಡ ಹೆಂಡತಿ ಕೂತು ಆರನೆಯ ಅಧ್ಯಾಯ ತೆಗೆದರು. ಸಾಲು ಇದ್ದ ಜಾಗದಲ್ಲಿ 'ಆ ವರ್ಷ ಹೊಂಡದಲ್ಲಿ ಎಂದಿನಂತೆ ದುರಸ್ತಿ ಕಾರ್ಯಗಳು ನಡೆದವು' ಎಂದಿತ್ತು. ಅಷ್ಟೆ. ಹಾನಿಯಿಲ್ಲ, ಹದಿನಾಲ್ಕು ತಿಂಗಳಿಲ್ಲ, ಗೂಟವಿಲ್ಲ, ಟೇಪಿಲ್ಲ, ದಿಮ್ಮಿಯಿಲ್ಲ.

ಹೆಂಡತಿ ಮುಂದಿನ ಪುಟ ತಿರುಗಿಸಿದಳು, ಹಿಂದಿನದು ತಿರುಗಿಸಿದಳು. ಕೊನೆಯಲ್ಲಿ ಹೆಸರುಗಳ ಪಟ್ಟಿಯಿತ್ತು. ಬೆರಳಿಟ್ಟುಕೊಂಡು ಮೇಲಿನಿಂದ ಕೆಳಗೆ ಬಂದಳು. ಸಾಹೇಬರುಗಳು ಇದ್ದರು, ಅವರ ಹೆಂಡಂದಿರು ಇದ್ದರು, ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವನು ಇದ್ದ. ಗೇಟಿನಲ್ಲಿ ಹನ್ನೊಂದು ವರ್ಷ ಮಲಗುತ್ತಿದ್ದ ನಾಯಿಗೆ ಅರ್ಧ ಪುಟದ ಫೋಟೋ ಇತ್ತು. ಅಪ್ಪ ಇರಲಿಲ್ಲ.

ದಿಮ್ಮಿ ಬೆಂಚಿನಿಂದೆದ್ದು ಗೇಟಿಗೆ ಓಡಿದ. ಪ್ರತಿ ಹಂಚುವಲ್ಲಿಯೇ ಅಧಿಕಾರಿಣಿ ಸಿಕ್ಕಳು. ಅವನನ್ನು ಕಂಡು ಅವಳ ಮುಖ ಅರಳಿತು.

"ನೋಡಿದ್ರಾ ಯಜಮಾನ್ರೇ? ಎಷ್ಟು ಹೋರಾಡಿದೆ ಗೊತ್ತಾ ನಾನು. ಕೊನೇಗೆ ಆ ಸಾಲನ್ನೇ ತೆಗೆಸಿಬಿಟ್ಟೆ. ನಿಮ್ಮ ಹೆಸರೂ ಬರದ ಹಾಗೆ ನೋಡ್ಕೊಂಡಿದ್ದೀನಿ. ಯಾಕೆ ಈ ವಯಸ್ಸಲ್ಲಿ ನಿಮಗೆ?"

ದಿಮ್ಮಿಗೆ ಬೈಯಲೂ ಬಾಯಿ ಬರಲಿಲ್ಲ, ಥ್ಯಾಂಕ್ಸ್ ಹೇಳಲೂ ಬರಲಿಲ್ಲ. "ತೆಗೀರಿ ಅನ್ಲಿಲ್ಲ ಮೇಡಂ, ತಿದ್ದಿ ಅಂದೆ," ಎಂದ. ಅವಳು ಅರ್ಥವಾಗದೆ ನಿಂತಳು. ಹಿಂದಿನಿಂದ ಯಾರೋ ಪ್ರತಿ ಕೇಳಿದರು, ಅತ್ತ ತಿರುಗಿದಳು.

ಬೆಂಚಿಗೆ ಹಿಂತಿರುಗಿದಾಗ ಹೆಂಡತಿ ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳು ಅತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಮೂವತ್ತೆಂಟು ವರ್ಷ ದುಡಿದ್ರು ಅಪ್ಪ ಇದರೊಳಗೆ," ಎಂದಳು. "ಬೈಗುಳವೋ ಏನೋ, ಅವರ ಹೆಸರಲ್ಲಿ ಒಂದು ಸಾಲಾದ್ರೂ ಇತ್ತು. ಅದೂ ಹೋಯ್ತು. ನಾಳೆ ಯಾರಾದ್ರೂ ಈ ಪುಸ್ತಕ ತೆಗೆದು ನೋಡಿದ್ರೆ, ಅಂಥವರೊಬ್ರು ಇಲ್ಲಿ ಕೆಲಸಕ್ಕೆ ಬರ್ತಿದ್ರು ಅಂತ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ವೇನೇ," ಎಂದ ದಿಮ್ಮಿ.

ಹೆಂಡತಿ ಅವನ ಕಡೆ ನೋಡಲಿಲ್ಲ. ಎದುರಿನ ಉದ್ದನೆಯ ಗೋಡೆಯನ್ನೇ ನೋಡುತ್ತಿದ್ದಳು.

"ನಲವತ್ತೊಂದು ವರ್ಷದಿಂದ ನಿಮಗೆ ಗೊತ್ತಿತ್ತು," ಎಂದಳು. "ಅದರಿಂದ ಅಪ್ಪನಿಗೆ ಏನಾಯ್ತು ರೀ?"